ಕೌದಿ ಸಂಗ್ರಹಾಲಯದ ಡಿಸೆಂಬರ್ ರಜೆ: "ಹೊಲಿದವರು ತಿಳಿದಿಲ್ಲ" ಅನ್ನೋ ಚೀಟಿಗೆ ಏನು ಮಾಡೋಣ?

ದುರ್ಗದ ಸೂಜಿ
ಡಿಸೆಂಬರ್ 26, ರಾತ್ರಿ 9:50

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಚಿತ್ರದುರ್ಗದಲ್ಲಿ ಕೋಟೆಗೆ ಹೋಗೋ ದಾರಿಯಲ್ಲಿ ಒಂದು ಚಿಕ್ಕ ಕೌದಿ ಸಂಗ್ರಹಾಲಯ ಇದೆ. ಎರಡು ಹಜಾರ, ಹಿಂದೆ ಒಂದು ಕೋಣೆ, ಅಷ್ಟೇ. ಟಿಕೆಟ್ ಕೊಡೋದರಿಂದ ಹಿಡಿದು ಕೌದಿ ಸುತ್ತಿಡೋವರೆಗೆ ಅಲ್ಲಿನ ಎಲ್ಲ ಕೆಲಸ ನಂದೇ. ಇದು ನನ್ನ ಮೂರನೇ ಡಿಸೆಂಬರ್.

ಬೇರೆ ದಿನ ಹತ್ತು ಜನ ಬಂದರೆ ಅದೇ ಹೆಚ್ಚು. ಡಿಸೆಂಬರ್ ಬಂತೋ, ಶಾಲಾ ಪ್ರವಾಸದ ಬಸ್ಸುಗಳು ರಾತ್ರಿಯೆಲ್ಲ ಓಡಿ ಬೆಳಗಿನ ಜಾವಕ್ಕೆ ದುರ್ಗ ಸೇರ್ತವೆ. ಮಕ್ಕಳು ಚಂದ್ರವಳ್ಳಿ ಮುಗಿಸಿ, ಕೋಟೆ ಹತ್ತಿ, ಓಬವ್ವನ ಕಿಂಡಿ ನೋಡಿ ಇಳಿಯೋ ಹೊತ್ತಿಗೆ ಕಾಲು ಸೋತಿರುತ್ತೆ. ನೆರಳಿದೆ, ಕುಡಿಯೋ ನೀರಿದೆ ಅಂತ ನಮ್ಮಲ್ಲಿಗೆ ಬರ್ತಾರೆ. ಕ್ರಿಸ್‌ಮಸ್ ರಜೆಗೆ ಕಾರು ಮಾಡ್ಕೊಂಡು ಬರೋ ಕುಟುಂಬಗಳು ಬೇರೆ. ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಶಬರಿಮಲೆಗೆ ಹೊರಟ ಸ್ವಾಮಿಗಳೂ ಹೆದ್ದಾರಿ ಬಿಟ್ಟು ಒಂದು ಗಳಿಗೆ ಬಂದು ಹೋಗ್ತಾರೆ. ನಿನ್ನೆ ಬೆಳಗ್ಗೆ ತೆಗೆದ ಟಿಕೆಟ್ ಪುಸ್ತಕ ಮಧ್ಯಾಹ್ನಕ್ಕೇ ಮುಗೀತು.

ಇಷ್ಟು ಜನ ಇದ್ದಾಗ ನನ್ನ ಬಾಯಲ್ಲಿ ಒಂದೇ ಮಾತು: ಮುಟ್ಟಬೇಡಿ. ಕಲ್ಲಿನ ವಿಗ್ರಹದ ಮುಂದೆ ಕೈ ಕಟ್ಟಿ ನಿಲ್ಲೋರೂ ಕೌದಿ ಕಂಡರೆ ಕೈ ಚಾಚ್ತಾರೆ. ಅದರಲ್ಲಿ ತಪ್ಪೇನಿಲ್ಲ, ಎಲ್ಲರೂ ಅದನ್ನ ಹೊದ್ದೇ ಬೆಳೆದೋರು. ಆದರೆ ಸಾವಿರ ಕೈ ಬೆವರು ತಡೆಯೋ ಶಕ್ತಿ ನವೆದ ಸೀರೆ ಬಟ್ಟೆಗೆ ಇಲ್ಲ.

ನಿನ್ನೆ ಮೂರೂವರೆ ಹೊತ್ತಿಗೆ ಇಳಕಲ್ ಸೀರೆ ಉಟ್ಟ ಒಬ್ಬ ಅಜ್ಜಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಬಂದರು. ರೋಣದ ಕಡೆಯವರಂತೆ. ಮನೆಯವರು ಫೋಟೊ ತೆಗೀತಾ ಮುಂದೆ ಹೋದರು, ಅಜ್ಜಿ 14ನೇ ಕೌದಿ ಮುಂದೆ ನಿಂತುಬಿಟ್ಟರು. ಹಗ್ಗದ ಮೇಲಿಂದ ಬಾಗಿ ಅಂಚಿನ ಮೇಲೆ ಕೈ ಇಟ್ಟರು. ಈ ಕಡೆ ಎಪ್ಪತ್ತು ಮಕ್ಕಳ ಗಲಾಟೆ. ನಾನು ನಿಂತಲ್ಲಿಂದಲೇ "ಅಜ್ಜೀ, ಮುಟ್ಟಬೇಡಿ" ಅಂತ ಕೂಗಿದೆ. ಇಡೀ ಹಜಾರ ತಿರುಗಿ ನೋಡ್ತು. ಅವರು ಕೆಂಡ ತಾಗಿದ ಹಾಗೆ ಕೈ ಹಿಂದಕ್ಕೆ ತಗೊಂಡು ಸೆರಗಲ್ಲಿ ಸುತ್ತಿಕೊಂಡರು.

ಹತ್ತಿರ ಹೋಗಿ ತಪ್ಪಾಯ್ತು ಅಂದೆ. ಅವರು ಅದನ್ನ ಕಿವಿಗೇ ಹಾಕ್ಕೊಳ್ಳಲಿಲ್ಲ. "ತಂಗಿ, ಇದು ಎಡಗೈಯಾಕಿ ಹೊಲದದ್ದು" ಅಂದರು.

ಹೆಂಗೆ ಗೊತ್ತಾಯ್ತಜ್ಜಿ ಅಂತ ಕೇಳಿದೆ. "ಬಲಗೈಯಾಕಿ ಆಗಿದ್ರ ಹೊಲಿಗಿ ಬಲದಿಂದ ಎಡಕ್ಕ ಬರತಿತ್ತು. ದಾರದ ಗಂಟು ಎಲ್ಲಿ ಅದಾವ ನೋಡು." ನೋಡಿದೆ. ಸಾಲು ಶುರುವಾಗೋ ಗಂಟೆಲ್ಲ ಎಡತುದಿಯಲ್ಲೇ ಇವೆ. ಅಂಚಿಂದ ಒಳಕ್ಕೆ ಬರೋ ಸುತ್ತು ಪಕ್ಕದ ಕೌದಿಗಳಲ್ಲಿ ಹೋಗೋ ದಿಕ್ಕಿಗೆ ಸರಿಯಾಗಿ ತಿರುಗುಮುರುಗು. ಮೂರು ವರ್ಷದಿಂದ ಅದರ ಧೂಳು ತೆಗೀತಿರೋದು ನಾನು, ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹೊರಡುವಾಗ ಇನ್ನೊಂದು ಮಾತು ಹೇಳಿದರು: "ಕಡೀ ಮೂಲಿ ಹಿಚುಕಿ ನೋಡು, ಹೊಟ್ಟಿ ತುಂಬಿಸ್ಯಾಳೋ ಇಲ್ಲೋ." ಅವರ ಮನೆಯಲ್ಲಿ ಕೌದಿ ಮುಗಿಸೋ ಮುಂಚೆ ಕೊನೆ ಮೂಲೆಯೊಳಗೆ ಒಂದು ಚೂರು ರೊಟ್ಟಿನೋ, ನಾಲ್ಕು ಕಾಳು ಜೋಳನೋ ಇಟ್ಟು ಹೊಲೀತಿದ್ರಂತೆ. ಕೌದಿ ತಾಯಿ ಇದ್ದ ಹಾಗೆ, ಹಸಿದಿರಬಾರದು, ಹೊದ್ದವರೂ ಹಸಿದು ಮಲಗಬಾರದು ಅಂತ. ಅಷ್ಟರಲ್ಲಿ ಮಗ ಕರೆದ, ಹೊರಟೇಬಿಟ್ಟರು. ಹೆಸರು ಕೇಳೋಕೂ ಆಗಲಿಲ್ಲ.

ಬಾಗಿಲು ಹಾಕಿದ ಮೇಲೆ ಕೈ ತೊಳೆದು ಒರೆಸಿಕೊಂಡು ಆ ಮೂಲೆಯನ್ನ ಎರಡು ಬೆರಳಲ್ಲಿ ಹಿಡಿದೆ. ಒಳಗೆ ಕಾಳಿದೆ. ಏಳೋ ಎಂಟೋ ಇರಬೇಕು, ಬೆರಳಡಿ ಜಾರ್ತವೆ.

ಈಗ ಚೀಟಿ ನೋಡಿ: "ಸಂಖ್ಯೆ 14. ಹತ್ತಿ. ಜಗಳೂರು ತಾಲ್ಲೂಕು. ಹೊಲಿದವರು: ತಿಳಿದಿಲ್ಲ." ನಮ್ಮಲ್ಲಿ ಬಹುತೇಕ ಕೌದಿಗಳ ಕೆಳಗೆ ಇದೇ ಕೊನೇ ಸಾಲು ಇದೆ. ಈ ಸಾಲು ನನಗೆ ನಿನ್ನೆಯಿಂದ ಸುಳ್ಳು ಅನ್ನಿಸ್ತಿದೆ. ತಿಳಿದವರು ದಿನಾ ಬಾಗಿಲು ದಾಟಿ ಒಳಗೆ ಬರ್ತಿದ್ದಾರೆ, ನಾವು ಅವರಿಗೆ ಮುಟ್ಟಬೇಡಿ ಅಂತ ಕೂಗಿ ಕಳಿಸ್ತಿದ್ದೀವಿ.

ಕಾಳು ಒಳಗೇ ಇದ್ದರೆ ಹುಳ ಬೀಳುತ್ತಾ? ಬಿಚ್ಚಿ ತೆಗೀಬೇಕಾ? ಈ ರಜೆ ಗದ್ದಲದಲ್ಲಿ ಜನರ ಬಾಯಿಂದ ಕೌದಿ ವಿಷಯ ಬರೆದುಕೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ.


ಗಿರಣಿ ಕಾಲೋನಿ
ಡಿಸೆಂಬರ್ 26, ರಾತ್ರಿ 11:15

ಅಕ್ಕ, ನಾನು ದಾವಣಗೆರೆಯವನು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದಲ್ಲಿ ನಮ್ಮಪ್ಪ ಹತ್ತಿ ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿದ್ದರು. ನಮ್ಮವ್ವನ ಕೌದಿಗಳಿಗೆಲ್ಲ ಅಸ್ತರ ಗಿರಣಿಯ ಕೋರಾ ಬಟ್ಟೆ.

ಒಂದು ಕೆಲಸ ಮಾಡಿ. ಕೌದಿ ಹಿಂಬದಿ ತಿರುಗಿಸಿ ಅಸ್ತರದ ಅಂಚು ಹುಡುಕಿ. ಥಾನಿನ ತುದಿಗೆ ಗಿರಣಿಯವರು ಮಸಿಯಲ್ಲಿ ಮುದ್ರೆ ಒತ್ತುತ್ತಿದ್ದರು. ತೊಳೆದೂ ತೊಳೆದೂ ಮಾಸಿದ್ರೂ ಓರೆ ಬೆಳಕು ಬಿಟ್ಟರೆ ಒಂದೊಂದು ಸಲ ಕಾಣುತ್ತೆ. ಅದರಲ್ಲಿ ಅಳತೆ ಗಜದಲ್ಲಿದ್ದರೆ ಬಟ್ಟೆ ಹಳೇದು ಅಂತ ಲೆಕ್ಕ, ಯಾಕಂದ್ರೆ 1962ರ ಹೊತ್ತಿಗೆ ದೇಶದಲ್ಲೆಲ್ಲ ಮೀಟರ್ ಕಡ್ಡಾಯ ಆಯ್ತು. ಹಂಗೇ ತ್ಯಾಪೆಗಳಲ್ಲಿ ನೈಲಾನ್, ಪಾಲಿಯೆಸ್ಟರ್ ಸೀರೆ ತುಂಡು ಸೇರಿದ್ದರೆ ಆ ಕೌದಿ ಅಷ್ಟು ಹಳೇದಲ್ಲ. ಹೆಸರು ಸಿಗದಿದ್ದರೂ ಕಾಲನಾದ್ರೂ ಸಿಗುತ್ತೆ.

ಇನ್ನೊಂದು, ಜಗಳೂರು ಈಗ ದಾವಣಗೆರೆ ಜಿಲ್ಲೆ. 1997ಕ್ಕೆ ಮುಂಚೆ ನಿಮ್ಮ ಜಿಲ್ಲೆಯಲ್ಲೇ ಇತ್ತು. ಕೌದಿ ಕೊಟ್ಟ ಮನೆಯ ಹಳೇ ಕಾಗದಪತ್ರ ಹುಡುಕೋದಾದ್ರೆ ಇದು ನೆನಪಿರಲಿ.


ನೂಲಿನ ಗಂಟು
ಡಿಸೆಂಬರ್ 27, ಬೆಳಗ್ಗೆ 7:05

ನಾನು ಹಳೇ ಬಟ್ಟೆ ಸಂರಕ್ಷಣೆ ಕೆಲಸ ಮಾಡ್ತೀನಿ. ಮೊದಲು ಒಂದು ಮಾತು: ದಯವಿಟ್ಟು ಬಿಚ್ಚಬೇಡಿ. ಆ ಮೂಲೆಯ ಹೊಲಿಗೆ ಆಕೆ ಹಾಕಿದ ಕೊನೇ ಹೊಲಿಗೆ. ಒಂದು ಸಲ ಬಿಚ್ಚಿದರೆ ಮತ್ತೆ ಹಾಕೋದು ನಿಮ್ಮ ಹೊಲಿಗೆ ಆಗುತ್ತೆ.

ಇಷ್ಟು ವರ್ಷ ಕಾಳು ಹಾಗೇ ಉಳಿದಿದೆ ಅಂದರೆ ಈಗ ಒಳಗೆ ಜೀವಂತ ಹುಳ ಇರೋ ಸಾಧ್ಯತೆ ಕಡಿಮೆ. ಖಾತ್ರಿ ಮಾಡ್ಕೊಳ್ಳೋಕೆ ಕೌದಿಯನ್ನ ಕೆಳಗಿಳಿಸಿ, ಬಿಳಿ ಕಾಗದದ ಮೇಲೆ ಹಾಸಿ, ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಿ. ಕಾಗದದ ಮೇಲೆ ಹಿಟ್ಟಿನಂಥ ಪುಡಿ ಬಿದ್ದರೆ ಹುಳ ಇದೆ. ಇದ್ದರೂ ಔಷಧಿ ಹೊಡೀಬೇಡಿ. ಪಾಲಿಥಿನ್‌ನಲ್ಲಿ ಗಾಳಿ ಹೊರಗೆ ಹಾಕಿ ಸುತ್ತಿ, ಐಸ್‌ಕ್ರೀಂ ಇಡ್ತಾರಲ್ಲ, ಅಂಥ ಡೀಪ್ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಗಿಂತ ಕೆಳಗೆ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ರೆ ಬಟ್ಟೆಯ ಮೇಲೆ ನೀರಿನ ಪಸೆ ಕೂರುತ್ತೆ.

ಕಾಳಿಗಿಂತ ನನಗೆ ಭಯ ಗಂಜಿಯದು. ನಮ್ಮ ಕಡೆ ಹತ್ತಿ ಸೀರೆಗೆ ಗಂಜಿ ಹಾಕೋ ಪದ್ಧತಿ ಇತ್ತಲ್ಲ, ಅಂಥ ಸೀರೆಗಳನ್ನೇ ಕೌದಿಗೆ ಹಾಕಿರ್ತಾರೆ. ಸಿಲ್ವರ್‌ಫಿಶ್ ಹುಳಕ್ಕೆ ಗಂಜಿ ಅಂದರೆ ಪ್ರಾಣ. ಹಾಗಾಗಿ ಮಡಿಕೆಗಳ ಒಳಗೆ ನೋಡಿ. ಬೇವಿನ ಎಲೆ ಇಡೋದಾದ್ರೆ ಬಟ್ಟೆಗೆ ನೇರ ತಾಗದ ಹಾಗೆ ತೆಳು ಪಂಚೆಯಲ್ಲಿ ಕಟ್ಟಿ ಇಡಿ. ನುಸಿಗುಳಿಗೆ ಬೇಡವೇ ಬೇಡ, ಅದರ ಹಬೆ ಅಲ್ಲಿ ಕೆಲಸ ಮಾಡೋ ನಿಮಗೇ ಒಳ್ಳೇದಲ್ಲ.

ಬೆಳಕು ಎಷ್ಟಿದೆ? ಬಟ್ಟೆಗೆ 50 ಲಕ್ಸ್‌ಗಿಂತ ಹೆಚ್ಚು ಬೇಡ.


ಹೊಸದುರ್ಗ ತೆಂಗು
ಡಿಸೆಂಬರ್ 27, ಬೆಳಗ್ಗೆ 8:30

ನನ್ನ ಮಾತು ಕಹಿ ಅನ್ನಿಸಬಹುದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೌದಿ ಇರೋದು ಹೊದಿಯೋಕೆ. ನಮ್ಮನೇಲಿ ನಮ್ಮಜ್ಜಿ ಹೊಲಿದ ಕೌದಿ ಮೇಲೆ ನಮ್ಮವ್ವ ತ್ಯಾಪೆ ಹಾಕಿದ್ರು, ಅದರ ಮೇಲೆ ನನ್ನ ಹೆಂಡತಿ ಹಾಕಿದಾಳೆ. ಅದು ಹರೀತಾ ಹೊಲೀತಾ ಇರೋದೇ ಅದರ ಬದುಕು. ಗಾಜಿನ ಹಿಂದೆ ನೇತು ಹಾಕಿ, ಬೆಳಕು ಅಳೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಉಳಿಸಿದರೆ ಉಳಿಯೋದು ಬಟ್ಟೆ ಮಾತ್ರ. ಹೊಲಿಯೋ ಕೈಗಳನ್ನ ಉಳಿಸೋಕೆ ಏನು ಮಾಡ್ತಿದ್ದೀರಿ?


ದುರ್ಗದ ಸೂಜಿ
ಡಿಸೆಂಬರ್ 27, ರಾತ್ರಿ 10:20

ಎಲ್ಲರಿಗೂ ವಂದನೆ. ಇವತ್ತೂ ಬೆಳಗ್ಗೆಯಿಂದ ಕೂರಲಿಲ್ಲ.

ನೂಲಿನ ಗಂಟು ಮೇಡಂ, ಬಿಚ್ಚಲ್ಲ. ಇವತ್ತೇ ಇಳಿಸಿ ಹಿಂದಿನ ಕೋಣೆಯಲ್ಲಿ ಬಿಳಿ ಹಾಳೆ ಮೇಲೆ ಹಾಸಿದ್ದೀನಿ. ಗಿರಣಿ ಕಾಲೋನಿ ಅಣ್ಣ, ಟಾರ್ಚ್ ಓರೆ ಹಿಡಿದು ನೋಡಿದೆ. ಅಸ್ತರದ ಒಂದು ತುದಿಯಲ್ಲಿ ನೀಲಿ ಮಸಿಯ ಗೆರೆ ಇದೆ, ಅಕ್ಷರ ಒಂದೂ ಓದೋಕೆ ಆಗಲ್ಲ. ಆದರೆ ಇಡೀ ಕೌದಿಯಲ್ಲಿ ನೈಲಾನ್ ಒಂದು ಎಳೆಯೂ ಇಲ್ಲ. ಎಲ್ಲ ಹತ್ತಿ, ಒಂದು ಕಡೆ ಮಾತ್ರ ಖಣದ ಕುಬುಸದ ತೋಳು. ತೋಳಿನ ಆಕಾರ ಹಾಗೇ ಇದೆ, ಕತ್ತರಿಸಿಲ್ಲ. ಅದರ ಸುತ್ತ ಹೊಲಿಗೆ ತುಂಬಾ ಒತ್ತೊತ್ತಾಗಿ, ಕಾಳುಮೆಣಸಿಗಿಂತ ಚಿಕ್ಕದಾಗಿ ಬಿದ್ದಿದೆ. ಬೇರೆ ಕಡೆ ಹೊಲಿಗೆ ಇದರ ಎರಡರಷ್ಟು ಉದ್ದ. ಆ ತೋಳು ಯಾರದ್ದೋ, ಆಕೆಗೆ ಬೇಕಾದವರದ್ದೇ ಇರಬೇಕು.

ಹೊಸದುರ್ಗದ ಅಣ್ಣ, ನಿಮ್ಮ ಮಾತು ನನಗೆ ಕಹಿ ಅನ್ನಿಸಲಿಲ್ಲ. ನಿಮ್ಮ ಮನೆ ಕೌದಿ ದಯವಿಟ್ಟು ಯಾವ ಸಂಗ್ರಹಾಲಯಕ್ಕೂ ಕೊಡಬೇಡಿ, ಅದರ ಜಾಗ ನಿಮ್ಮ ಮನೆಯೇ. ಆದರೆ ನಮ್ಮಲ್ಲಿಗೆ ಬಂದಿರೋದರಲ್ಲಿ ಅರ್ಧ, ಮನೆಯವರು ಬಿಸಾಕೋಕೆ ತೆಗೆದಿಟ್ಟದ್ದು. ಒಂದಂತೂ ಟ್ರ್ಯಾಕ್ಟರ್ ಇಂಜಿನ್ ಮೇಲೆ ಹೊದಿಸಿದ್ದರು. ಹೊಲಿಯೋ ಕೈಗಳ ಬಗ್ಗೆ ನೀವು ಕೇಳಿದ್ದು ಸರಿ. ಅದಕ್ಕೇ ನಾನು ಹೆಸರು ಹೆಸರು ಅಂತ ಒದ್ದಾಡ್ತಿರೋದು.


ಯಲ್ಲಾಪುರ ಕಾಡುದಾರಿ
ಡಿಸೆಂಬರ್ 28, ಮಧ್ಯಾಹ್ನ 1:40

ಮೂಲೆ ವಿಷಯ ಬಂತಲ್ಲ, ಅದಕ್ಕೆ ಬರೀತಾ ಇದ್ದೆ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕೌದಿಗೆ ಕವಂದ್ ಅಂತಾರೆ. ಅವರೂ ಹೊರ ಅಂಚಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರ್ತಾರೆ. ಕೊನೆಗೆ ಮೂಲೆ ಮೂಲೆಗೆ ಬಟ್ಟೆಯನ್ನ ಹಲವು ಪದರ ಮಡಿಸಿ ತ್ರಿಕೋನ ಮಾಡಿ ಹೊಲೀತಾರೆ. ಅದಕ್ಕೆ ಫೂಲ ಅನ್ನೋ ಹೆಸರು. ಫೂಲ ಇಲ್ಲದ ಕವಂದ್ ಅವರ ಕಣ್ಣಿಗೆ ಬತ್ತಲೆ. ಅದರಿಂದ ಬಟ್ಟೆಗೆ ಬಲ ಬರೋದೇನಿಲ್ಲ, ಉಪಯೋಗವೂ ಇಲ್ಲ, ಆದರೂ ಬಿಡೋದಿಲ್ಲ. ನಿಮ್ಮ ಸಂಗ್ರಹದಲ್ಲಿ ಮೂಲೆಗೆ ಇಂಥ ಗಟ್ಟಿ ತ್ರಿಕೋನ ಇರೋದು ಯಾವುದಾದ್ರೂ ಇದ್ರೆ, ಜಗಳೂರು ಹಿರಿಯೂರು ಅಂತ ಬರೆಯೋ ಮುಂಚೆ ಒಂದು ಸಲ ವಿಚಾರಿಸಿ.


ಹಿರಿಯೂರು ಮೇಷ್ಟ್ರು
ಡಿಸೆಂಬರ್ 28, ಸಂಜೆ 6:10

ತಂಗೀ, ನಾವು ಪ್ರವಾಸ ಕರ್ಕೊಂಡು ಬರೋ ಮೇಷ್ಟ್ರುಗಳ ತಪ್ಪೂ ಇದೆ. ನಮಗೆ ಸಂಜೆಯೊಳಗೆ ವಾಣಿ ವಿಲಾಸ ಸಾಗರ ತೋರಿಸಿ ಮಕ್ಕಳನ್ನ ಊರು ಸೇರಿಸೋ ಅವಸರ. ತೊಂಬತ್ತು ಮಕ್ಕಳನ್ನ ಒಂದೇ ಸಲ ಒಳಗೆ ಬಿಟ್ಟು ಇಪ್ಪತ್ತು ನಿಮಿಷಕ್ಕೆ ಹೊರಗೆ ಎಳ್ಕೊಂಡು ಹೋಗ್ತೀವಿ. ಇಪ್ಪತ್ತಿಪ್ಪತ್ತು ಮಕ್ಕಳ ಗುಂಪು ಮಾಡಿ, ಒಂದು ಗುಂಪು ಒಳಗಿದ್ದಾಗ ಉಳಿದವು ಹೊರಗೆ ಬುತ್ತಿ ಬಿಚ್ಚಲಿ. ಇದನ್ನ ಬಾಗಿಲಲ್ಲಿ ಬರೆದು ಹಾಕಿ, ನಾವು ಕೇಳ್ತೀವಿ.

ಮುಟ್ಟೋಕೆ ಅಂತಲೇ ಒಂದು ಕೌದಿ ಯಾಕೆ ಇಡಬಾರದು? ಹೊಸದಾಗಿ ಹೊಲಿಸಿದ್ದು. ಒಂದು ಅಂಚು ಬಿಚ್ಚಿಟ್ಟಿರಿ, ಒಳಗಿನ ಪದರ ಕಾಣಲಿ. ಪಕ್ಕದಲ್ಲಿ ದಬ್ಬಣ, ದಾರ ಇಡಿ. ಕೈಗೆ ಒಂದು ಜಾಗ ಸಿಕ್ಕರೆ ಬೇರೆ ಕಡೆ ಹೋಗಲ್ಲ. ನನ್ನ ತರಗತಿಯಲ್ಲಿ 30 ವರ್ಷ ನೋಡಿದ್ದೀನಿ.

ಹೊಲಿಸೋದಾದ್ರೆ ಊರಲ್ಲಿ ಇನ್ನೂ ಹೊಲಿಯೋ ಹೆಂಗಸರ ಹತ್ತಿರವೇ ದುಡ್ಡು ಕೊಟ್ಟು ಹೊಲಿಸಿ. ಹೊಸದುರ್ಗದವರ ಪ್ರಶ್ನೆಗೂ ಒಂದಿಷ್ಟು ಉತ್ತರ ಆಗುತ್ತೆ.


ಚಳ್ಳಕೆರೆ ಮಗಳು
ಡಿಸೆಂಬರ್ 29, ಬೆಳಗ್ಗೆ 9:25

ಅಕ್ಕ, ಹುಟ್ಟಿದ್ದು ಚಳ್ಳಕೆರೆ, ಈಗ ಇರೋದು ಅಮೆರಿಕದ ನೆಬ್ರಾಸ್ಕಾದ ಲಿಂಕನ್ ಊರಲ್ಲಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಟರ್‌ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ ಇದೆ. 1997ರಲ್ಲಿ ಅರ್ಡಿಸ್ ಮತ್ತು ರಾಬರ್ಟ್ ಜೇಮ್ಸ್ ಅನ್ನೋ ದಂಪತಿ ತಾವು ಕೂಡಿಹಾಕಿದ್ದ ಸುಮಾರು 950 ಕ್ವಿಲ್ಟ್ ಕೊಟ್ಟಿದ್ದರಿಂದ ಶುರುವಾದದ್ದು, ಈಗಿನ ಕಟ್ಟಡ 2008ರದು. ಹೊರಗೆ ಮಂಜು ಬೀಳುವಾಗ ಅಲ್ಲಿ ಹೋಗಿ ಒಬ್ಬಳೇ ಕೂರ್ತೀನಿ. ನಮ್ಮ ಕಂಬಳಿ, ಕೌದಿ ನೆನಪಾಗುತ್ತೆ.

ನಿಮ್ಮ ಚೀಟಿ ವಿಷಯ ಓದಿದಾಗ ನೆನಪಾದದ್ದು. ಇಲ್ಲೂ ಹಳೇ ಕ್ವಿಲ್ಟುಗಳ ಕೆಳಗೆ ಮಾಡಿದವರು ಗೊತ್ತಿಲ್ಲ ಅಂತಲೇ ಬರೆದಿರೋದು ಬಹಳ. ಆದರೆ 1840ರ ದಶಕದಿಂದ ಇಲ್ಲಿ ಸಹಿ ಕ್ವಿಲ್ಟ್ ಅಂತ ಒಂದು ರೂಢಿ ಬೆಳೀತು. ನೆಂಟರು, ಗೆಳತಿಯರು ಒಂದೊಂದು ಚೌಕದ ಮೇಲೆ ಅಳಿಸದ ಮಸಿಯಲ್ಲಿ ತಮ್ಮ ಹೆಸರು ಬರೆದು ಕೊಡೋದು, ಎಲ್ಲ ಸೇರಿಸಿ ಒಂದು ಹೊದಿಕೆ. ದೂರದ ಊರಿಗೆ ವಲಸೆ ಹೋಗೋ ಗೆಳತಿಗೆ ಅದನ್ನ ಕೊಟ್ಟು ಕಳಿಸೋರು. ಆ ಹೆಸರುಗಳಿಂದಲೇ ಎಷ್ಟೋ ಕ್ವಿಲ್ಟುಗಳ ಊರು, ಮನೆತನ ಪತ್ತೆ ಹಚ್ಚಿದ್ದಾರೆ.

ನಿಮಗೆ ನೇರ ಉಪಯೋಗಕ್ಕೆ ಬರೋದು ಇದು. 1981ರಲ್ಲಿ ಕೆಂಟಕಿ ರಾಜ್ಯದಲ್ಲಿ ಕ್ವಿಲ್ಟ್ ದಾಖಲಾತಿ ಅಂತ ಒಂದು ಕೆಲಸ ಶುರು ಮಾಡಿದರು. ಊರೂರಲ್ಲಿ ಒಂದು ದಿನ ಗೊತ್ತು ಮಾಡಿ, ಮನೆಯಲ್ಲಿರೋ ಹಳೇ ಕ್ವಿಲ್ಟ್ ತನ್ನಿ ಅಂತ ಜನರನ್ನ ಕರೆದರು. ಫೋಟೊ ತೆಗೆದು, ಯಾರು ಹೊಲಿದ್ರು, ಯಾವಾಗ, ಯಾಕೆ ಅಂತ ಬರೆದುಕೊಂಡು, ಕ್ವಿಲ್ಟನ್ನ ಮನೆಯವರ ಕೈಗೇ ವಾಪಸ್ ಕೊಟ್ಟರು. ಆಮೇಲೆ ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಕೌದಿಯನ್ನ ಮನೆಯಿಂದ ಕಿತ್ತುಕೊಳ್ಳದೇನೇ ಹೆಸರು ಉಳಿಸಬಹುದು ಅಕ್ಕ. ದುರ್ಗದಲ್ಲಿ ಒಂದು ಕೌದಿ ದಿನ ಮಾಡಿ. ರಜೆ ಇದೆ, ಸೊಸೆಯರು, ಹೆಣ್ಣುಮಕ್ಕಳು ತವರಿಗೆ ಬಂದಿರ್ತಾರೆ.


ಹೊಸದುರ್ಗ ತೆಂಗು
ಡಿಸೆಂಬರ್ 29, ರಾತ್ರಿ 8:00

ವಾಪಸ್ ಕೊಡೋದಾದ್ರೆ ನಮ್ಮನೆ ಕೌದಿ ನಾನು ತರ್ತೀನಿ. ನಮ್ಮವ್ವನ್ನೂ ಕರ್ಕೊಂಡು ಬರ್ತೀನಿ. ಯಾವ ತ್ಯಾಪೆ ಯಾವ ಸೀರೆದು ಅಂತ ಅವರು ಈಗಲೂ ಬೆರಳಿಟ್ಟು ಹೇಳ್ತಾರೆ.


ದುರ್ಗದ ಸೂಜಿ
ಜನವರಿ 4, ರಾತ್ರಿ 9:30

ತಡವಾಯ್ತು. ಹೊಸ ವರ್ಷದ ದಿನ ಜನ ಬೀದಿವರೆಗೆ ನಿಂತಿದ್ದರು, ಆಮೇಲೆ ಎರಡು ದಿನ ಜ್ವರ.

ಮೇಷ್ಟ್ರು ಹೇಳಿದ ಹಾಗೆ ಗುಂಪು ಮಾಡಿದೆ. ಮುಟ್ಟೋ ಕೌದಿಯನ್ನ ನಮ್ಮ ಬೀದಿಯ ಇಬ್ಬರು ಅಕ್ಕಂದಿರು ಬಾಗಿಲ ಪಕ್ಕದಲ್ಲೇ ಕೂತು ಹೊಲೀತಿದ್ದಾರೆ, ದಿನಗೂಲಿ ಕೊಡ್ತಿದ್ದೀವಿ. ಮುಗಿಯೋ ಮುಂಚೆಯೇ ಅದರ ಸುತ್ತ ಜನ. ಹೆಂಗಸರು ನಿಂತವರೇ ದಬ್ಬಣ ಇಸ್ಕೊಂಡು ನಾಲ್ಕು ಹೊಲಿಗೆ ಹಾಕಿ ಹೋಗ್ತಾರೆ. ಹಾಕಿದವರ ಹೆಸರು, ಊರು ಒಂದು ಪುಸ್ತಕದಲ್ಲಿ ಬರೆದುಕೊಳ್ತಿದ್ದೀನಿ. ಮುಟ್ಟಬೇಡಿ ಅಂತ ಕೂಗೋದು ಪೂರಾ ನಿಂತಿಲ್ಲ, ಬಹಳ ಕಡಿಮೆ ಆಗಿದೆ. ಕೌದಿ ದಿನ ಸಂಕ್ರಾಂತಿ ಮುಂಚಿನ ಭಾನುವಾರ. ಹತ್ತು ಗಂಟೆಗೆ ಮುಂಚೆ ಬನ್ನಿ, ಆಮೇಲೆ ಬಸ್ಸುಗಳು ಬರ್ತವೆ.

ಈಗ 14ನೇ ಕೌದಿ. ಬಿಳಿ ಹಾಳೆ ಮೇಲೆ ಇವತ್ತಿನವರೆಗೆ ಪುಡಿ ಬಿದ್ದಿಲ್ಲ.

ಕೊಟ್ಟ ಮನೆಯವರ ಫೋನ್ ನಂಬರ್ ಹಳೇ ರಿಜಿಸ್ಟರ್‌ನಲ್ಲಿ ಸಿಕ್ತು. ಮೊಮ್ಮಗ ಮಾತಾಡಿದ. ನಿಮ್ಮ ಮನೇಲಿ ಯಾರಾದ್ರೂ ಎಡಗೈಯಲ್ಲಿ ಹೊಲೀತಿದ್ರಾ ಅಂತ ಕೇಳಿದೆ. ಒಂದು ಗಳಿಗೆ ಸುಮ್ಮನಿದ್ದು "ನಮ್ಮ ದೊಡ್ಡವ್ವ ಮೇಡಂ, ಎಡಗೈಯಲ್ಲಿ ಬಡಿಸ್ತಾಳೆ ಅಂತ ಬೈಸ್ಕೊಳ್ತಿದ್ಲು, ನಿಮಗೆ ಯಾರು ಹೇಳಿದ್ರು" ಅಂದ. ಹೆಸರು ಕೇಳಿದೆ. ಗೊತ್ತಿಲ್ಲ. ದೊಡ್ಡವ್ವ ಅಂತಲೇ ಎಲ್ಲರೂ ಕರೀತಿದ್ದದ್ದು. ಪಹಣಿಯಲ್ಲಿ ಗಂಡನ ಹೆಸರಿದೆ. ರೇಷನ್ ಕಾರ್ಡು ಮಾಡಿಸೋ ಮುಂಚೆಯೇ ತೀರಿಕೊಂಡಿದ್ದಾರೆ.

ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. ಅಟ್ಟದ ಮೇಲೆ ತವರಿಂದ ಬಂದ ಹಿತ್ತಾಳೆ ಬಿಂದಿಗೆ ಇತ್ತಂತೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ ಕಂಡವು. ಆಕೆಯ ಹೆಸರು, ಮದುವೆಯ ತಾರೀಕು. ಓದಿ ಹೇಳುವಾಗ ಅವನ ಗಂಟಲು ಕಟ್ಟಿತು. ಹೆಸರನ್ನ ಇಲ್ಲಿ ಬರೆಯಲ್ಲ. ಮನೆಯವರು ಭಾನುವಾರ ಬಿಂದಿಗೆ ತಗೊಂಡು ಬರ್ತಾರೆ, ಮೊದಲು ಅವರು ಚೀಟಿ ಮೇಲೆ ಓದಲಿ. ಕುಬುಸದ ತೋಳು ಯಾರದ್ದು ಅಂತ ಅವರಿಗೂ ತಿಳಿದಿಲ್ಲ.

ರೋಣದ ಕಡೆಯವರು ಯಾರಾದ್ರೂ ಇದನ್ನ ಓದ್ತಿದ್ದರೆ ಒಂದು ಉಪಕಾರ ಮಾಡಿ. 25ನೇ ತಾರೀಕು ಮಗನ ಜೊತೆ ದುರ್ಗಕ್ಕೆ ಬಂದಿದ್ದ ಅಜ್ಜಿ ನಿಮಗೆ ಗೊತ್ತಿದ್ರೆ, ಮೂಲೆ ಹಿಚುಕಿ ನೋಡಿದೆ, ಆಕೆ ಹೊಟ್ಟೆ ತುಂಬಿಸಿದ್ದಾಳೆ ಅಂತ ಹೇಳಿ.